ಮನೆಯಲ್ಲೇ ನಂಬಬಹುದಾದ 10 ಮೆಗಾಹರ್ಟ್ಜ್: ಮೈಸೂರು, ಮಂಡ್ಯದ ಹವ್ಯಾಸಿಗಳಿಗೆ ಒಂದು ಮಾರ್ಗದರ್ಶಿ

ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂದು ಎಣಿಸಿ ಎಂಟು ಅಂಕಿಯಲ್ಲಿ ತೋರಿಸುವ ಫ್ರೀಕ್ವೆನ್ಸಿ ಕೌಂಟರ್ ಈಗ ಆನ್‌ಲೈನ್‌ನಲ್ಲಿ ತುಂಬಾ ಅಗ್ಗಕ್ಕೆ ಸಿಗುತ್ತದೆ. ಪರದೆ ಮೇಲೆ 10.000000 ಎಂದು ಕಂಡರೆ ಖುಷಿಯೂ ಆಗುತ್ತದೆ. ಆದರೆ ಆ ಎಂಟರಲ್ಲಿ ಎಷ್ಟು ಅಂಕಿಯನ್ನು ನಂಬಬಹುದು? ಒಳಗೆ ಅದಕ್ಕೆ ತಾಳ ಹಾಕುವುದು ಸಾಮಾನ್ಯ ಕ್ವಾರ್ಟ್ಜ್ ಕ್ರಿಸ್ಟಲ್. ಅದು ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದ್ದರೆ, 10 ಮೆಗಾಹರ್ಟ್ಜ್‌ನಲ್ಲಿ 200 ಹರ್ಟ್ಜ್ ತಪ್ಪು. ಅಂದರೆ ಕೊನೆಯ ಮೂರು ಅಂಕಿ ಸುಮ್ನೆ ಅಲಂಕಾರಕ್ಕೆ.

ಹೆಚ್ಚಿನವರು ಮೊದಲು ಕೌಂಟರ್ ಕೊಳ್ಳುತ್ತಾರೆ, ಆಮೇಲೆ ಅದು ಸರಿಯಿದೆಯಾ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಇದನ್ನು ತಿರುಗಿಸಿ ಮಾಡಬೇಕು. ಮೊದಲು ನಂಬಬಹುದಾದ ಒಂದು ರೆಫರೆನ್ಸ್, ಅಂದರೆ ಉಳಿದದ್ದನ್ನೆಲ್ಲ ಹೋಲಿಸಿ ನೋಡಲು ನಿಖರವಾದ 10 ಮೆಗಾಹರ್ಟ್ಜ್ ಸಿಗ್ನಲ್, ಕಟ್ಟಿಕೊಳ್ಳಿ. ಅದು ಕೈಯಲ್ಲಿದ್ದರೆ ಸಾಧಾರಣ ಉಪಕರಣವೂ ಚೆನ್ನಾಗಿ ಅಳೆಯುತ್ತದೆ. ಅದಿಲ್ಲದಿದ್ದರೆ ಲಕ್ಷ ರೂಪಾಯಿಯ ಉಪಕರಣವೂ ಅಂದಾಜು ಹೇಳುವ ಪೆಟ್ಟಿಗೆ ಅಷ್ಟೇ.

ಆರ್ಡುಯಿನೋದಲ್ಲಿ ಎಲ್‌ಇಡಿ ಮಿನುಗಿಸಿದ ಅನುಭವ, ಬೆಸುಗೆ ಹಾಕುವ ಅಭ್ಯಾಸ ಇಷ್ಟಿದ್ದರೆ ಇಲ್ಲಿರುವುದನ್ನು ಮಾಡಬಹುದು. ಎಸ್‌ಜೆಸಿಇ, ಎನ್‌ಐಇ ಥರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವವರಿಗೆ ಇನ್ನೂ ಸುಲಭ, ಲ್ಯಾಬ್‌ನಲ್ಲಿ ಸಿಗ್ನಲ್ಲಿನ ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದೇ ಇರುತ್ತದೆ.

ಮೊದಲು ಪ್ರಶ್ನೆ ಯಾವುದು ಎಂದು ನೋಡಿಕೊಳ್ಳಿ

"ಈಗ ಗಂಟೆ ಎಷ್ಟು" ಎನ್ನುವುದು ಒಂದು ಪ್ರಶ್ನೆ. "ಒಂದು ಸೆಕೆಂಡ್ ಎಷ್ಟು ಉದ್ದ" ಎನ್ನುವುದು ಬೇರೆ ಪ್ರಶ್ನೆ. ಮೈಸೂರಿನ ದೊಡ್ಡ ಗಡಿಯಾರ 1927ರಲ್ಲಿ ಕಟ್ಟಿದ್ದು, ಅದು ಉತ್ತರಿಸುವುದು ಮೊದಲನೆಯದನ್ನು. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಮೈಸೂರು ಇರುವುದು 76.6ರ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯನ ಲೆಕ್ಕದ ಮಧ್ಯಾಹ್ನ, ಗಡಿಯಾರದ 12 ಗಂಟೆಗಿಂತ ಸರಾಸರಿ 23 ನಿಮಿಷ ತಡ. ಆದರೆ ಸೆಕೆಂಡಿನ ಉದ್ದ ಎಲ್ಲ ಕಡೆ ಒಂದೇ. 1967ರಿಂದ ಅದನ್ನು ಸೀಸಿಯಂ ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿ ಎಂದು ಹಿಡಿಯಲಾಗಿದೆ. ಫ್ರೀಕ್ವೆನ್ಸಿ ಅಳೆಯುವವರಿಗೆ ಬೇಕಿರುವುದು ಈ ಎರಡನೆಯ ಉತ್ತರ.

ಇನ್ನೊಂದು ಮಾತು. ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪು, ಅಂದರೆ 1 ಪಿಪಿಎಂ, ಎಂದರೆ ತಿಂಗಳಿಗೆ ಸುಮಾರು 2.6 ಸೆಕೆಂಡ್. ಗೋಡೆ ಗಡಿಯಾರ ತಿಂಗಳಿಗೆ ಒಂದು ನಿಮಿಷ ಮುಂದೆ ಹೋದರೆ ಅದರ ಕ್ರಿಸ್ಟಲ್ 20 ಪಿಪಿಎಂ ಮೇಲಿದೆ ಎಂದರ್ಥ. ನಾವು ಮುಟ್ಟಬೇಕಿರುವುದು ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಒಳಗೆ. ಮನೆಯಲ್ಲಿ ಕೂತು ಇದು ಆಗುವುದು ಜಿಪಿಎಸ್ ಉಪಗ್ರಹಗಳ ದಯೆಯಿಂದ. ಅವುಗಳಲ್ಲಿ ಪರಮಾಣು ಗಡಿಯಾರಗಳಿವೆ, ಅವುಗಳನ್ನು ನೆಲದಿಂದ ಸತತವಾಗಿ ಸರಿಪಡಿಸುತ್ತಿರುತ್ತಾರೆ. ನಮ್ಮ ಇಸ್ರೋದ್ದೂ ಇದೆ: 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ನಾವಿಕ್ ಉಪಗ್ರಹದಲ್ಲಿ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ.

ಹೆಜ್ಜೆ 1: ಆರ್ಡುಯಿನೋದ ನಿಜವಾದ ವೇಗ ಕಂಡುಹಿಡಿಯಿರಿ

ಬೇಕಾದದ್ದು ಎರಡೇ: ಒಂದು ಆರ್ಡುಯಿನೋ ಊನೋ, ಒಂದು ಜಿಪಿಎಸ್ ಮಾಡ್ಯೂಲ್. ಯು-ಬ್ಲಾಕ್ಸ್‌ನ ನಿಯೋ-6ಎಂ ಸಾಕು. ಬಿಡಿಭಾಗ ಮೈಸೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ, ಇಲ್ಲಾಂದ್ರೆ ಆನ್‌ಲೈನ್.

ಮಾಡ್ಯೂಲ್ ಕೊಳ್ಳುವಾಗ ಒಂದನ್ನು ನೋಡಿ. ಬೋರ್ಡಿನ ಮೇಲೆ 'ಪಿಪಿಎಸ್' ಎಂದು ಬರೆದ ಪಿನ್ ಇರಬೇಕು. ಪ್ರತಿ ಸೆಕೆಂಡಿಗೆ ಒಂದು ಪಲ್ಸ್ ಕೊಡುವ ಪಿನ್ ಅದು. ನಮಗೆ ಬೇಕಿರುವುದೆಲ್ಲ ಅದರಲ್ಲೇ. ಅಗ್ಗದ ನಾಲ್ಕು ಪಿನ್ ಬೋರ್ಡ್‌ಗಳಲ್ಲಿ ಅದನ್ನು ಹೊರಗೆ ತಂದಿರುವುದಿಲ್ಲ. ಆಗ ಮಾಡ್ಯೂಲಿನ 3ನೇ ಕಾಲಿಗೆ ಕೂದಲೆಳೆಯಂಥ ತಂತಿ ಬೆಸುಗೆ ಹಾಕಬೇಕಾಗುತ್ತದೆ. ಐವತ್ತು ನೂರು ರೂಪಾಯಿ ಉಳಿಸಲು ಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿ. ನಕಲಿ ಯು-ಬ್ಲಾಕ್ಸ್ ಚಿಪ್‌ಗಳೂ ಮಾರುಕಟ್ಟೆಯಲ್ಲಿ ಧಾರಾಳ. ಈ ಮೊದಲ ಹೆಜ್ಜೆಗೆ ಅವೂ ನಡೆಯುತ್ತವೆ, ಮುಂದಿನವಕ್ಕೆ ಬೇಡ.

ಪಿಪಿಎಸ್ ತಂತಿಯನ್ನು ಊನೋದ ಡಿಜಿಟಲ್ ಪಿನ್ 8ಕ್ಕೆ ಕೊಡಿ. ಬೇರೆ ಪಿನ್ ಯಾಕಾಗಬಾರದು ಅಂದರೆ, ಟೈಮರ್-1ರ ಇನ್‌ಪುಟ್ ಕ್ಯಾಪ್ಚರ್ ಇರುವುದು ಈ ಪಿನ್ನಿನಲ್ಲಿ. ಪಲ್ಸ್ ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಹಿಡಿದಿಡುತ್ತದೆ. ಪ್ರೋಗ್ರಾಮ್ ಆ ಹೊತ್ತಿಗೆ ಬೇರೇನೋ ಮಾಡುತ್ತಿದ್ದರೂ ಲೆಕ್ಕ ತಪ್ಪುವುದಿಲ್ಲ. ಟೈಮರ್ 16 ಬಿಟ್‌ನದ್ದು, ಹಾಗಾಗಿ ಎಷ್ಟು ಸಲ ತುಂಬಿ ಸೊನ್ನೆಗೆ ಬಂತು ಎನ್ನುವುದನ್ನೂ ಎಣಿಸಿಕೊಳ್ಳಬೇಕು. ಎರಡು ಪಲ್ಸ್‌ಗಳ ನಡುವಿನ ಎಣಿಕೆಯನ್ನು ಸೀರಿಯಲ್ ಮಾನಿಟರ್‌ಗೆ ಕಳಿಸಿ.

ಊನೋದ ವೇಗ 16 ಮೆಗಾಹರ್ಟ್ಜ್ ಅನ್ನುತ್ತಾರೆ, ಹಾಗಾಗಿ ಬರಬೇಕಾದದ್ದು 1,60,00,000. ಬರುವುದು ಬೇರೆಯೇ. ಅಸಲಿ ಊನೋದಲ್ಲಿ ಮುಖ್ಯ ಚಿಪ್‌ಗೆ ಕ್ರಿಸ್ಟಲ್ ಇಲ್ಲ, ಸೆರಾಮಿಕ್ ರೆಸೊನೇಟರ್ ಇದೆ. ಅರ್ಧ ಶೇಕಡಾವರೆಗೆ ತಪ್ಪಬಹುದು, ಅಂದರೆ 80 ಸಾವಿರ ಎಣಿಕೆ ಅತ್ತಿತ್ತ. ರೆಸೊನೇಟರ್ ಮೇಲೆ ಬೆರಳಿಟ್ಟು ಮಾನಿಟರ್ ನೋಡಿ. ಕೊನೆಯ ಮೂರು ನಾಲ್ಕು ಅಂಕಿ ಓಡಲು ಶುರುವಾಗುತ್ತವೆ. ಬೆರಳು ತೆಗೆದು ಬಾಯಿಂದ ಗಾಳಿ ಊದಿ, ಮತ್ತೆ ವಾಪಸ್ ಬರುತ್ತವೆ. ನಿಖರತೆಗೆ ದೊಡ್ಡ ಶತ್ರು ಉಷ್ಣತೆ ಎಂದು ಪುಸ್ತಕದಲ್ಲಿ ಓದುವುದಕ್ಕಿಂತ ಇದು ಸಲೀಸು, ಅಲ್ವಾ?

ಮಾಡ್ಯೂಲ್ ಹೇಳುವ ಗಂಟೆಯ ಬಗ್ಗೆ ಒಂದು ಎಚ್ಚರಿಕೆ. ಜಿಪಿಎಸ್‌ನ ಸ್ವಂತ ಸಮಯ ಜಾಗತಿಕ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. ಜಿಪಿಎಸ್ ಲೀಪ್ ಸೆಕೆಂಡ್, ಅಂದರೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಜಾಗತಿಕ ಸಮಯಕ್ಕೆ ಆಗೊಮ್ಮೆ ಈಗೊಮ್ಮೆ ಕೂಡಿಸುವ ಸೆಕೆಂಡ್, ಸೇರಿಸಿಕೊಳ್ಳುವುದಿಲ್ಲ, ಅದಕ್ಕೆ. ಕೊನೆಯ ಲೀಪ್ ಸೆಕೆಂಡ್ ನಮ್ಮಲ್ಲಿ 2017ರ ಜನವರಿ 1ರ ಬೆಳಗ್ಗೆ 5 ಗಂಟೆ 29 ನಿಮಿಷ 59 ಸೆಕೆಂಡ್ ಆದ ಮೇಲೆ ಬಂತು. ಈ ವ್ಯತ್ಯಾಸದ ಮಾಹಿತಿಯನ್ನು ಉಪಗ್ರಹವೇ ಕಳಿಸುತ್ತದೆ, ಆದರೆ ಅದು ಬರುವುದು 12.5 ನಿಮಿಷಕ್ಕೊಮ್ಮೆ. ಹೊಸದಾಗಿ ಆನ್ ಮಾಡಿದ ಮಾಡ್ಯೂಲ್ ಶುರುವಿನಲ್ಲಿ ಒಂದೆರಡು ಸೆಕೆಂಡ್ ತಪ್ಪು ತೋರಿಸಿದರೆ ಗಾಬರಿಯಾಗಬೇಡಿ, ಕಾಲು ಗಂಟೆ ಬಿಡಿ. ಪಿಪಿಎಸ್ ಪಲ್ಸ್‌ಗಂತೂ ಇದು ಸಂಬಂಧವಿಲ್ಲ.

ಹೆಜ್ಜೆ 2: ಮನೆಯ ಕರೆಂಟನ್ನೇ ಅಳೆದು ನೋಡಿ

ಊನೋದ ನಿಜವಾದ ವೇಗ ಪ್ರತಿ ಸೆಕೆಂಡಿಗೂ ಗೊತ್ತಾಗುತ್ತಿದೆ. ಹಾಗಾದರೆ ಅದರ ರೆಸೊನೇಟರ್ ಎಷ್ಟೇ ಕೆಟ್ಟದಿದ್ದರೂ ಚಿಂತೆ ಇಲ್ಲ, ಭಾಗಾಕಾರ ಮಾಡಿ ಸರಿಪಡಿಸಿಕೊಳ್ಳಬಹುದು. ಇದನ್ನು ಪರೀಕ್ಷಿಸಲು ಒಳ್ಳೆಯ ವಸ್ತು ಚೆಸ್ಕಾಂ ಕೊಡುವ 50 ಹರ್ಟ್ಜ್.

ಹಳೇ ಕಬ್ಬಿಣದ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹುಡುಕಿ. ಈಗಿನ ಮೊಬೈಲ್ ಚಾರ್ಜರ್ ಬೇಡ, ಅದರಲ್ಲಿ 50 ಹರ್ಟ್ಜ್ ಹೊರಗೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಹೊರಬದಿಯಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ, ಬೆಳಕಿನಿಂದ ಸಿಗ್ನಲ್ ದಾಟಿಸುವ ಒಂದು ಆಪ್ಟೋಕಪ್ಲರ್‌ಗೆ ಕೊಡಿ. ಆಪ್ಟೋ ಒಳಗಿನ ಎಲ್‌ಇಡಿಗೆ ತಿರುವುಮುರುವಾಗಿ ಒಂದು ಡಯೋಡ್ ಇರಲಿ. ಔಟ್‌ಪುಟ್ ಊನೋದ ಪಿನ್ 2ಕ್ಕೆ. 230 ವೋಲ್ಟನ್ನು ನೇರವಾಗಿ ಬೋರ್ಡಿನ ಹತ್ತಿರ ತರುವ ಸಾಹಸ ಯಾವ ಕಾರಣಕ್ಕೂ ಬೇಡ. 50 ಸುತ್ತಿಗೆ ಎಷ್ಟು ಎಣಿಕೆ ಆಯಿತು ನೋಡಿ, ಪಿಪಿಎಸ್‌ನಿಂದ ಸಿಕ್ಕ ಒಂದು ಸೆಕೆಂಡಿನ ಎಣಿಕೆಯ ಜೊತೆ ಹೋಲಿಸಿ.

ಫ್ರೀಕ್ವೆನ್ಸಿ 49.90ರಿಂದ 50.05ರ ಒಳಗೆ ಇರಬೇಕು ಎನ್ನುವುದು ಗ್ರಿಡ್‌ನ ನಿಯಮ. ಅದು ಒಂದು ಕಡೆ ನಿಲ್ಲುವುದೇ ಇಲ್ಲ, ಸದಾ ಓಲಾಡುತ್ತಿರುತ್ತದೆ. ವಿದ್ಯುತ್ ಹಂಚಿಕೆಯ ಲೆಕ್ಕ ನಡೆಯುವುದು 15 ನಿಮಿಷದ ತುಂಡುಗಳಲ್ಲಿ, ದಿನಕ್ಕೆ 96. ಗ್ರಾಫ್ ಹಾಕಿ ಆ ತುಂಡುಗಳ ಅಂಚನ್ನು ಗಮನಿಸಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸೇರಿತು. ಹಾಗಾಗಿ ಮಂಡ್ಯದ ಮನೆಯಲ್ಲಿ ಬರೆದಿಟ್ಟ ಗ್ರಾಫೂ ದೆಹಲಿಯಲ್ಲಿ ಬರೆದಿಟ್ಟದ್ದೂ ಒಂದೇ ರೀತಿ ಏರಿಳಿಯುತ್ತವೆ. ಮನೆ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ಮಾತ್ರ ನೀವು ಅಳೆಯುತ್ತಿರುವುದು ಇನ್ವರ್ಟರನ್ನು.

ಹೆಜ್ಜೆ 3: ಆಂಟೆನಾ ತಾರಸಿಗೆ ಹೋಗಬೇಕು

ಕಿಟಕಿಯ ಹತ್ತಿರ ಇಟ್ಟ ಪುಟ್ಟ ಆಂಟೆನಾ ಮೊದಲ ಎರಡು ಹೆಜ್ಜೆಗೆ ಸಾಕು. ಮುಂದಕ್ಕೆ ಆಕಾಶ ಪೂರ್ತಿ ಕಾಣಬೇಕು. ಕಟ್ಟಡಕ್ಕೆ ಬಡಿದು ಬರುವ ಸಿಗ್ನಲ್ ಪಲ್ಸನ್ನು ಅಲ್ಲಾಡಿಸುತ್ತದೆ.

ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಯುರೋಪಿನವರಿಗೆ ಉತ್ತರದ ಆಕಾಶದಲ್ಲಿ ಜಿಪಿಎಸ್ ಉಪಗ್ರಹಗಳೇ ಇಲ್ಲದ ದೊಡ್ಡ ಖಾಲಿ ಜಾಗ ಇರುತ್ತದೆ. ನಮಗೆ ಆ ಸಮಸ್ಯೆ ಇಲ್ಲ, ಎಲ್ಲ ದಿಕ್ಕಿನಲ್ಲೂ ಸಿಗುತ್ತವೆ. ಹಾಗಾಗಿ ಅವರ ಲೇಖನ ಓದಿಕೊಂಡು ದಕ್ಷಿಣಕ್ಕೆ ಮುಖ ಮಾಡಿ ಇಡಬೇಕಾಗಿಲ್ಲ. ಮನೆಯ ಅತಿ ಎತ್ತರದ ಜಾಗ ನೋಡಿ. ಸಾಮಾನ್ಯವಾಗಿ ಅದು ನೀರಿನ ಟ್ಯಾಂಕ್ ಇರುವ ಜಾಗ. ಟ್ಯಾಂಕಿನ ಪಕ್ಕ ಬೇಡ, ತುಂಬಿದ ನೀರು ಸಿಗ್ನಲ್‌ಗೆ ಗೋಡೆ ಇದ್ದಂತೆ. ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಬರುವ ಹಾಗೆ ಒಂದು ಪೈಪು ನಿಲ್ಲಿಸಿ ಅದರ ತುದಿಗೆ ಕಟ್ಟಿ. ತೆಂಗಿನ ಗರಿಯ ನೆರಳೂ ಬೀಳದಿದ್ದರೆ ಒಳ್ಳೆಯದು. ಕೋತಿಗಳ ಕಾಟ ಇರುವ ಬಡಾವಣೆಯಲ್ಲಿ ಕೇಬಲ್ಲನ್ನು ಪಿವಿಸಿ ಪೈಪಿನೊಳಗೇ ಇಳಿಸಿ.

ಕೇಬಲ್‌ಗೆ ದುಡ್ಡು ಸುರಿಯಬೇಡಿ. ಡಿಶ್ ಟಿವಿಗೆ ಹಾಕುವ ಆರ್‌ಜಿ-6 ತಂತಿ ಚೆನ್ನಾಗೇ ಕೆಲಸ ಮಾಡುತ್ತದೆ. 75 ಓಮ್ ಅಲ್ವಾ, ಮಾಡ್ಯೂಲ್ 50 ಓಮ್ ಅಲ್ವಾ ಎಂದು ಕೇಳುವವರಿದ್ದಾರೆ. ಈ ಕೆಲಸಕ್ಕೆ ಆ ಹೊಂದಿಕೆಯ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಆಂಟೆನಾದೊಳಗೆ ಆಂಪ್ಲಿಫೈಯರ್ ಇರಬೇಕು, ಅದಕ್ಕೆ 3ರಿಂದ 5 ವೋಲ್ಟ್ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ನಿಮ್ಮ ಆಂಟೆನಾ ಎಷ್ಟು ಕೇಳುತ್ತದೆ, ಮಾಡ್ಯೂಲ್ ಎಷ್ಟು ಕೊಡುತ್ತದೆ ಎಂದು ಹೋಲಿಸಿಕೊಳ್ಳಿ. ಕೇಬಲ್ಲಿನಲ್ಲಿ ಸಿಗ್ನಲ್ ಮೀಟರಿಗೆ ಸುಮಾರು 4 ನ್ಯಾನೋಸೆಕೆಂಡ್ ತಡವಾಗುತ್ತದೆ. 15 ಮೀಟರ್ ಅಂದರೆ 60. ಇದು ಗಂಟೆ ಕೇಳುವವರ ತಲೆನೋವು. ಫ್ರೀಕ್ವೆನ್ಸಿ ಬೇಕಿರುವ ನಮಗೆ ತಡ ಎಷ್ಟಾದರೂ ಸರಿ, ಅದು ಬದಲಾಗದಿದ್ದರೆ ಆಯಿತು.

ಸಿಡಿಲಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಮೈಸೂರಿನ ಸಂಜೆಗಳು ಹೇಗಿರುತ್ತವೆ ಗೊತ್ತಲ್ಲ. ಕೇಬಲ್ ಮನೆಯೊಳಗೆ ಬರುವ ಮುಂಚೆ ಅರೆಸ್ಟರ್ ಹಾಕಿ, ಅದನ್ನು ದಪ್ಪ ತಂತಿಯಿಂದ ಅರ್ಥಿಂಗ್‌ಗೆ ಜೋಡಿಸಿ. ಗುಡುಗು ಕೇಳಿಸುವ ಮೊದಲೇ, ಮೋಡ ಕಟ್ಟಿದಾಗಲೇ ಕೇಬಲ್ ಬಿಚ್ಚಿ ಹೊರಗಿಡುವುದು ಇನ್ನೂ ಒಳ್ಳೆಯದು.

ಇನ್ನೊಂದು ನಮ್ಮ ಕಡೆಯದೇ ತೊಂದರೆ ಇದೆ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದು ಹೋಗುತ್ತದೆ. ಅದರಿಂದಾಗಿ ಸೂರ್ಯ ಮುಳುಗಿದ ಮೇಲೆ ನಮ್ಮ ತಲೆ ಮೇಲಿನ ಅಯಾನುಗೋಳದಲ್ಲಿ (ವಾತಾವರಣದ ಮೇಲುಭಾಗದ ವಿದ್ಯುದಾವೇಶದ ಪದರದಲ್ಲಿ) ಗುಳ್ಳೆಗಳಂಥ ಏರುಪೇರು ಹುಟ್ಟುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ, ಜಿಪಿಎಸ್ ಸಿಗ್ನಲ್ ನಡುಗುತ್ತದೆ. ಸಂಜೆ ಏಳೆಂಟರಿಂದ ಮಧ್ಯರಾತ್ರಿವರೆಗೆ ನಿಮ್ಮ ಅಳತೆ ಹಾಳಾಗಿ ಕಂಡರೆ ಬೆಸುಗೆ ಬಿಚ್ಚಲು ಹೋಗಬೇಡಿ. ಬೆಳಗ್ಗೆ ಮತ್ತೆ ನೋಡಿ.

ಹೆಜ್ಜೆ 4: ಒಲೆಯೊಳಗಿನ ಕ್ರಿಸ್ಟಲ್

ಜಿಪಿಎಸ್ ಪಲ್ಸ್ ಇದ್ದ ಮೇಲೆ ಇನ್ನೇನು ಬೇಕು? ಪಲ್ಸ್ ಒಂದೊಂದಾಗಿ ನೋಡಿದರೆ ಅಷ್ಟೇನೂ ನಿಖರವಲ್ಲ. ನಿಯೋ-6ಎಂ ತನ್ನ ಒಳಗಿನ ಗಡಿಯಾರದ ಹೆಜ್ಜೆಗೆ ತಕ್ಕಂತೆ 21 ನ್ಯಾನೋಸೆಕೆಂಡಿನ ಮೆಟ್ಟಿಲಲ್ಲಷ್ಟೇ ಪಲ್ಸ್ ಇಡಬಲ್ಲದು. ಸಾಮಾನ್ಯವಾಗಿ 30, ಕೆಲವೊಮ್ಮೆ 60 ನ್ಯಾನೋಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಒಂದು ಸೆಕೆಂಡ್ ನೋಡಿದರೆ ಕೋಟಿಯಲ್ಲಿ ಅರ್ಧ ಪಾಲಿಗಿಂತ ಜಾಸ್ತಿ ತಪ್ಪು. ಆದರೆ ಈ ತಪ್ಪು ಕೂಡಿಕೊಳ್ಳುತ್ತಾ ಹೋಗುವುದಿಲ್ಲ. ಸಾವಿರ ಸೆಕೆಂಡ್ ನೋಡಿದರೂ ಅದೇ 60 ನ್ಯಾನೋಸೆಕೆಂಡ್, ಹಾಗಾಗಿ ಪಾಲು ಸಾವಿರ ಪಟ್ಟು ಸಣ್ಣದಾಗುತ್ತದೆ.

ಒಳ್ಳೆಯ ಕ್ರಿಸ್ಟಲ್ ಇದಕ್ಕೆ ಉಲ್ಟಾ. ಸೆಕೆಂಡಿನಿಂದ ಸೆಕೆಂಡಿಗೆ ಅದು ಕಲ್ಲಿನ ಹಾಗೆ ನಿಂತಿರುತ್ತದೆ, ವಾರಗಳಲ್ಲಿ ಮೆಲ್ಲಗೆ ಜಾರುತ್ತದೆ. ಎರಡನ್ನೂ ಸೇರಿಸಿದರೆ ನಮಗೆ ಬೇಕಾದದ್ದು ಸಿಗುತ್ತದೆ.

ಕ್ರಿಸ್ಟಲ್‌ಗೆ ಒಲೆ ಕಟ್ಟಿ 70–80 ಡಿಗ್ರಿಯ ಆಸುಪಾಸಿನಲ್ಲಿ ಸ್ಥಿರವಾಗಿ ಇಟ್ಟರೆ ಅದು ಒಸಿಎಕ್ಸ್‌ಒ. ಹೊಸದು ದುಬಾರಿ. ಹಳೇ ಮೊಬೈಲ್ ಟವರ್ ಉಪಕರಣಗಳಿಂದ ಬಿಚ್ಚಿದ್ದು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. 10 ಮೆಗಾಹರ್ಟ್ಜ್‌ನದ್ದೇ ಇರಲಿ. ಫ್ರೀಕ್ವೆನ್ಸಿಯನ್ನು ಸ್ವಲ್ಪ ಹೊಂದಿಸಲು ಕಂಟ್ರೋಲ್ ವೋಲ್ಟೇಜ್ ಕೊಡುವ ಪಿನ್ ಇರಲಿ. ರೆಫರೆನ್ಸ್ ವೋಲ್ಟೇಜ್ ಹೊರಗೆ ಕೊಡುವ ಪಿನ್ ಕೂಡ ಇದ್ದರೆ ಅದನ್ನೇ ಆರಿಸಿ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕವನ್ನೂ ಬೆಲೆಗೆ ಸೇರಿಸಿಕೊಂಡೇ ಯೋಚಿಸಿ.

ರುಬಿಡಿಯಂ ಸ್ಟ್ಯಾಂಡರ್ಡೇ, ಅಂದರೆ ಪುಟ್ಟ ಪರಮಾಣು ಗಡಿಯಾರವೇ, ತಗೊಳ್ಳಬಹುದಲ್ವಾ ಎಂದು ಆಸೆ ಹುಟ್ಟುತ್ತದೆ. ಈಗಲೇ ಬೇಡ. ಸೆಕೆಂಡ್ ಹ್ಯಾಂಡ್‌ನಲ್ಲಿ ಬರುವವುಗಳ ಒಳಗಿನ ರುಬಿಡಿಯಂ ದೀಪ ಎಷ್ಟು ಸವೆದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಬಿಸಿಯೂ ಜಾಸ್ತಿ. ಅದಕ್ಕೂ ಕೊನೆಗೆ ಜಿಪಿಎಸ್ ಹೋಲಿಕೆ ಬೇಕೇ ಬೇಕು.

ಜೋಡಿಸುವಾಗ ನೆನಪಿಡಬೇಕಾದದ್ದು ನೆಲದ ತಂತಿ, ಅಂದರೆ ಗ್ರೌಂಡ್. ಒಲೆ ಶುರುವಿನಲ್ಲಿ ಹೆಚ್ಚುಕಡಿಮೆ ಒಂದು ಆಂಪಿಯರ್ ಎಳೆಯಬಹುದು, ಕಾದ ಮೇಲೆ ಇಳಿಯುತ್ತದೆ. ಈ ಕರೆಂಟು ಹಾದುಹೋಗುವ ಗ್ರೌಂಡ್ ತಂತಿಗೇ ಕಂಟ್ರೋಲ್ ವೋಲ್ಟೇಜ್‌ನ ಗ್ರೌಂಡನ್ನೂ ಕಟ್ಟಿದರೆ ಏನಾಗುತ್ತದೆ? ಆ ತಂತಿ 0.05 ಓಮ್ ಇದೆ ಎನ್ನಿ. ಕರೆಂಟು 300 ಮಿಲಿಆಂಪ್ ಏರಿಳಿದರೆ 15 ಮಿಲಿವೋಲ್ಟ್ ವ್ಯತ್ಯಾಸ. ನಿಮ್ಮ ಒಸಿಎಕ್ಸ್‌ಒ 4 ವೋಲ್ಟಿಗೆ 10 ಹರ್ಟ್ಜ್ ಬದಲಾಗುವಂಥದ್ದಾದರೆ, ಆ 15 ಮಿಲಿವೋಲ್ಟಿಗೆ 0.0375 ಹರ್ಟ್ಜ್ ಹೋಯಿತು. ನೂರು ಕೋಟಿಯಲ್ಲಿ ಸುಮಾರು 4 ಪಾಲು! ನಾವು ಹಿಡಿಯಲು ಹೊರಟ ಮಿತಿ ಒಂದು ತಂತಿಯಲ್ಲೇ ಮುಗಿದುಹೋಗುತ್ತದೆ. ಕಂಟ್ರೋಲ್‌ನ ಗ್ರೌಂಡ್ ಬೇರೆ ತಂತಿಯಲ್ಲಿ ನೇರ ಒಸಿಎಕ್ಸ್‌ಒ ಕಾಲಿಗೇ ಬರಲಿ.

ಫ್ಯಾನಿನ ಗಾಳಿ ನೇರ ಬೀಳದ ಜಾಗದಲ್ಲಿಡಿ. ಕಿಟಕಿ ಬಿಸಿಲೂ ಬೇಡ. ಡಬ್ಬಿಯೊಳಗೆ ಮುಚ್ಚಿಡಿ, ಆದರೆ ಥರ್ಮೋಕೋಲ್ ಸುತ್ತಿ ಸುತ್ತಿ ಉಸಿರು ಕಟ್ಟಿಸಬೇಡಿ. ಹೊರಗೆ ಬಿಸಿ ಹೋಗದಿದ್ದರೆ ಒಲೆಗೆ ತನ್ನ ಉಷ್ಣತೆ ಹಿಡಿದಿಡಲು ಆಗುವುದಿಲ್ಲ. ಇನ್ನು, ಇದು ಆಫ್ ಆಗಲೇಬಾರದು. ಬಹಳ ದಿನ ಆಫ್ ಆಗಿದ್ದ ಒಸಿಎಕ್ಸ್‌ಒ ತನ್ನ ಹಳೇ ಜಾಗಕ್ಕೆ ಬರಲು ಕಾಲ ತಗೊಳ್ಳುತ್ತದೆ. 12 ವೋಲ್ಟ್ ಬ್ಯಾಟರಿ, ಅದಕ್ಕೆ ಸದಾ ಚಾರ್ಜರ್, ಹೀಗೆ ಮಾಡಿಕೊಂಡರೆ ಕರೆಂಟ್ ಹೋದರೂ ಚಿಂತೆ ಇಲ್ಲ. ಮೊದಲ ಸಲ ಆನ್ ಮಾಡಿದ ಮೇಲೆ ಕನಿಷ್ಠ ಒಂದು ವಾರ ಸುಮ್ಮನೆ ಓಡಲು ಬಿಡಿ.

ಹೆಜ್ಜೆ 5: ಆಸಿಲೋಸ್ಕೋಪ್ ಮೇಲೆ ಜಾರುವ ಅಲೆ

ಈ ಇಡೀ ಹವ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ದುಬಾರಿ ಉಪಕರಣ ಏನೂ ಬೇಡ.

ಸ್ಕೋಪಿನ ಒಂದನೇ ಚಾನೆಲ್‌ಗೆ ಪಿಪಿಎಸ್, ಟ್ರಿಗರ್ ಅದರ ಮೇಲೇ. ಎರಡನೇ ಚಾನೆಲ್‌ಗೆ ಒಸಿಎಕ್ಸ್‌ಒದ 10 ಮೆಗಾಹರ್ಟ್ಜ್. ಒಂದು ಚೌಕಕ್ಕೆ 20 ನ್ಯಾನೋಸೆಕೆಂಡ್. ಸೆಕೆಂಡಿಗೊಮ್ಮೆ ಚಿತ್ರ ಹೊಸದಾಗುತ್ತದೆ. ಒಂದು ಅಲೆಯ ಅಗಲ 100 ನ್ಯಾನೋಸೆಕೆಂಡ್, ಅಂದರೆ ಐದು ಚೌಕ. ಅಲೆ ಎಡಕ್ಕೆ ಜಾರುತ್ತಿದ್ದರೆ ನಿಮ್ಮ ಒಸಿಎಕ್ಸ್‌ಒ ವೇಗ ಜಾಸ್ತಿ, ಬಲಕ್ಕಾದರೆ ನಿಧಾನ. ಪೂರ್ತಿ ಒಂದು ಅಲೆಯಷ್ಟು ಜಾರಲು 100 ಸೆಕೆಂಡ್ ತಗೊಂಡರೆ ವ್ಯತ್ಯಾಸ 0.01 ಹರ್ಟ್ಜ್, ನೂರು ಕೋಟಿಯಲ್ಲಿ ಒಂದು ಪಾಲು. ಸಾವಿರ ಸೆಕೆಂಡ್ ತಗೊಂಡರೆ ಅದರ ಹತ್ತನೇ ಒಂದು. ಸ್ಕೋಪಿನ ಸ್ವಂತ ಗಡಿಯಾರ ಎಷ್ಟು ಕೆಟ್ಟದಾಗಿದ್ದರೂ ಪರವಾಗಿಲ್ಲ. ಪ್ರತಿ ಪಲ್ಸಿಗೂ ಅದು ಹೊಸದಾಗಿ ಶುರುಮಾಡುತ್ತದೆ, ಅಳೆಯಬೇಕಿರುವುದು 100 ನ್ಯಾನೋಸೆಕೆಂಡ್ ಮಾತ್ರ.

ಅಲೆ ಸ್ವಲ್ಪ ಅತ್ತಿತ್ತ ಕುಣಿಯುತ್ತದೆ. ಅದು ಪಿಪಿಎಸ್‌ನ ಮೆಟ್ಟಿಲು, ಒಸಿಎಕ್ಸ್‌ಒದ್ದಲ್ಲ. ಕುಣಿತವನ್ನು ಬಿಟ್ಟು ಒಟ್ಟಾರೆ ಜಾರುವಿಕೆ ನೋಡಿ. ಕಂಟ್ರೋಲ್ ಪಿನ್ನಿಗೆ ಹತ್ತು ಸುತ್ತಿನ ಪೊಟೆನ್ಶಿಯೋಮೀಟರ್ ಕಟ್ಟಿ, ಜಾರುವುದು ನಿಲ್ಲುವವರೆಗೆ ಹೊಂದಿಸಿ. ತಿರುಗಿಸಿದ ಮೇಲೆ ಹತ್ತು ನಿಮಿಷ ಕೈ ಕಟ್ಟಿ ಕೂರಬೇಕು. ಅವಸರದವರಿಗೆ ಇದು ಹೇಳಿದ್ದಲ್ಲ.

ಇಲ್ಲೊಂದು ಬಲೆ ಇದೆ. ಒಸಿಎಕ್ಸ್‌ಒ ಸರಿಯಾಗಿ 1 ಹರ್ಟ್ಜ್ ತಪ್ಪಿದ್ದರೆ? ಪ್ರತಿ ಸೆಕೆಂಡಿಗೂ ಪೂರ್ತಿ ಒಂದು ಅಲೆ ಜಾರಿರುತ್ತದೆ, ಚಿತ್ರ ಮಾತ್ರ ನಿಂತ ಹಾಗೇ ಕಾಣುತ್ತದೆ. 2 ಹರ್ಟ್ಜ್ ತಪ್ಪಿದ್ದರೂ ಅಷ್ಟೇ. ಹಾಗಾಗಿ ಮೊದಲು ಅರ್ಧ ಹರ್ಟ್ಜ್ ಒಳಗಿದ್ದೀವಿ ಎಂದು ಬೇರೆ ದಾರಿಯಲ್ಲಿ ಖಾತ್ರಿ ಮಾಡಿಕೊಳ್ಳಬೇಕು.

ಆ ದಾರಿ ನಮ್ಮ ಊನೋವೇ. ಅದು 10 ಮೆಗಾಹರ್ಟ್ಜನ್ನು ನೇರ ಎಣಿಸಲಾರದು, ಮಿತಿ 6.4ರ ಹತ್ತಿರ. 74ಎಚ್‌ಸಿ390 ಚಿಪ್‌ನಿಂದ ಎರಡರಿಂದ ಭಾಗಿಸಿ 5 ಮೆಗಾಹರ್ಟ್ಜ್ ಮಾಡಿ, ಡಿಜಿಟಲ್ ಪಿನ್ 5ಕ್ಕೆ ಕೊಡಿ. ಒಸಿಎಕ್ಸ್‌ಒ ಸೈನ್ ಅಲೆ ಕೊಡುವಂಥದ್ದಾದರೆ ಮೊದಲು ಅದನ್ನು ಚೌಕಾಕಾರಕ್ಕೆ ತರಬೇಕು. ಒಂದು ಕಪಾಸಿಟರ್ ಮೂಲಕ 74ಎಚ್‌ಸಿಯು04 ಗೇಟ್‌ಗೆ ಕೊಟ್ಟು, ಗೇಟಿನ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ನಡುವೆ ದೊಡ್ಡ ರೆಸಿಸ್ಟರ್ ಹಾಕಿದರೆ ಆಯಿತು. ಈಗ ಟೈಮರ್-1 ಎಣಿಸುವುದು ಒಸಿಎಕ್ಸ್‌ಒವನ್ನು, ಪಿನ್ 8ರ ಪಿಪಿಎಸ್ ಅದನ್ನು ಹಿಡಿಯುತ್ತದೆ. ಹತ್ತು ಪಲ್ಸ್ ಬಿಟ್ಟು ನೋಡಿದರೆ 5,00,00,000 ಬರಬೇಕು. 5,00,00,003 ಬಂದರೆ ನಿಮ್ಮ 10 ಮೆಗಾಹರ್ಟ್ಜ್ 0.6 ಹರ್ಟ್ಜ್ ಜಾಸ್ತಿ ಇದೆ.

ಹೆಜ್ಜೆ 6: ಕೈ ಬಿಟ್ಟು ತಾನೇ ಓಡುವಂತೆ

ಪೊಟೆನ್ಶಿಯೋಮೀಟರ್ ಬದಲು ಡಿ-ಟು-ಎ ಕನ್ವರ್ಟರ್, ಅಂದರೆ ಡ್ಯಾಕ್, ಹಾಕಿದರೆ ಊನೋವೇ ಹೊಂದಿಸುತ್ತದೆ. ಎಷ್ಟು ಬಿಟ್ ಬೇಕು? 10 ಹರ್ಟ್ಜ್ ವ್ಯಾಪ್ತಿಯನ್ನು 10 ಬಿಟ್‌ನಲ್ಲಿ ತುಂಡು ಮಾಡಿದರೆ ಒಂದು ತುಂಡು 0.01 ಹರ್ಟ್ಜ್, ಸಾಲದು. 16 ಬಿಟ್ ಆದರೆ ಹತ್ತು ಸಾವಿರ ಕೋಟಿಯಲ್ಲಿ ಒಂದೂವರೆ ಪಾಲು, ಧಾರಾಳ ಸಾಕು. ಡ್ಯಾಕ್‌ಗೆ ರೆಫರೆನ್ಸ್ ವೋಲ್ಟೇಜನ್ನು ಊನೋದ 5 ವೋಲ್ಟ್‌ನಿಂದ ತೆಗೆಯಬೇಡಿ. ಒಸಿಎಕ್ಸ್‌ಒ ಹೊರಗೆ ಕೊಡುವ ರೆಫರೆನ್ಸ್ ಇದ್ದರೆ ಅದನ್ನೇ ಕೊಡಿ.

ಪ್ರೋಗ್ರಾಮ್‌ನಲ್ಲಿ ಎಲ್ಲರೂ ಎಡವುವುದು ಅವಸರದಲ್ಲಿ. ಕಬ್ಬು ತುಂಬಿದ ಗಾಡಿಯ ಎತ್ತಿಗೆ ದಾರಿ ಗೊತ್ತಿರುತ್ತದೆ, ಹೆಜ್ಜೆಹೆಜ್ಜೆಗೂ ಹಗ್ಗ ಜಗ್ಗಿದರೆ ಗಾಡಿ ಅಂಕುಡೊಂಕಾಗಿ ಹೋಗುತ್ತದೆ. ಇಲ್ಲೂ ಹಾಗೇ. ಪ್ರತಿ ಸೆಕೆಂಡಿನ ಪಲ್ಸ್ ನೋಡಿ ಡ್ಯಾಕ್ ತಿರುಗಿಸಿದರೆ ಪಿಪಿಎಸ್‌ನ ಕುಣಿತವನ್ನೆಲ್ಲ ಒಳ್ಳೆಯ ಕ್ರಿಸ್ಟಲ್‌ಗೆ ಅಂಟಿಸಿದಂತಾಗುತ್ತದೆ. ಕೆಲವು ನೂರು ಸೆಕೆಂಡ್‌ಗಳ ಸರಾಸರಿ ತೆಗೆದು, ಅದಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಬದಲಿಸಿ. ಒಸಿಎಕ್ಸ್‌ಒ ಎಷ್ಟು ಚೆನ್ನಾಗಿದೆಯೋ ಅಷ್ಟು ಹೆಚ್ಚು ಹೊತ್ತು ಕಾಯಬಹುದು. ಉಪಗ್ರಹದ ಸಿಗ್ನಲ್ ಹೋದರೆ ಡ್ಯಾಕ್ ಬೆಲೆಯನ್ನು ಹಾಗೇ ಹಿಡಿದಿಡುವ ಸಾಲು ಮರೆಯಬೇಡಿ.

ಎಷ್ಟು ಹೊತ್ತು ಕಾಯಬೇಕು ಎಂದು ಸರಿಯಾಗಿ ತಿಳಿಯಲು ಅಲನ್ ಡೀವಿಯೇಶನ್ ಎಂಬ ಲೆಕ್ಕ ಇದೆ, ಬೇರೆ ಬೇರೆ ಅವಧಿಯಲ್ಲಿ ಫ್ರೀಕ್ವೆನ್ಸಿ ಎಷ್ಟು ಅಲ್ಲಾಡುತ್ತದೆ ಎಂದು ಹೇಳುವಂಥದ್ದು, ಡೇವಿಡ್ ಅಲನ್ 1966ರಲ್ಲಿ ಕೊಟ್ಟದ್ದು. ಟೈಮ್‌ಲ್ಯಾಬ್ ಎಂಬ ಉಚಿತ ತಂತ್ರಾಂಶಕ್ಕೆ ನಿಮ್ಮ ಅಳತೆಗಳನ್ನು ಕೊಟ್ಟರೆ ಗ್ರಾಫ್ ಬರೆದುಕೊಡುತ್ತದೆ. ಪಿಪಿಎಸ್‌ನ ಗೆರೆ, ಒಸಿಎಕ್ಸ್‌ಒದ ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿದೆ ನಿಮ್ಮ ಉತ್ತರ.

ಇಷ್ಟೆಲ್ಲ ಬೇಡ, ಸಿದ್ಧವಾಗಿಯೇ ಬೇಕು ಎನ್ನುವವರಿಗೆ ಹೊಸದಾಗಿ ಲಿಯೋ ಬೋಡ್ನರ್, ಬಿಜಿ7ಟಿಬಿಎಲ್ ಥರದವು ಇವೆ. ಹಳೆಯದರಲ್ಲಿ ಟ್ರಿಂಬಲ್ ಥಂಡರ್‌ಬೋಲ್ಟ್ ಹೆಸರುವಾಸಿ. ಜಿಪಿಎಸ್ ವಾರದ ಎಣಿಕೆ 1,024 ವಾರಕ್ಕೊಮ್ಮೆ ಸೊನ್ನೆಗೆ ಬರುವುದರಿಂದ ಥಂಡರ್‌ಬೋಲ್ಟ್ 2017ರ ಜುಲೈ 30ರಿಂದ ತಪ್ಪು ತಾರೀಖು ತೋರಿಸುತ್ತಿದೆ. ಫ್ರೀಕ್ವೆನ್ಸಿಗೆ ಏನೂ ಆಗಿಲ್ಲ. ತಾರೀಖು ತಪ್ಪು ಎಂದು ಚೌಕಾಸಿ ಮಾಡಿ ಕಡಿಮೆಗೆ ತಗೊಳ್ಳಿ.

ಈಗ ಇದನ್ನಿಟ್ಟುಕೊಂಡು ಏನು ಮಾಡುವುದು

ಈಗ ಕೌಂಟರ್ ಕೊಳ್ಳುವ ಸಮಯ. ಹಿಂಬದಿಯಲ್ಲಿ ಹೊರಗಿನ 10 ಮೆಗಾಹರ್ಟ್ಜ್ ರೆಫರೆನ್ಸ್ ಕೊಡಲು ಬಿಎನ್‌ಸಿ ಸಾಕೆಟ್ ಇದೆಯಾ ನೋಡಿ. ಅದಿಲ್ಲದಿದ್ದರೆ ಬೇಡವೇ ಬೇಡ. ಎಚ್‌ಪಿ 53131ಎ, ರಕಾಲ್-ಡಾನಾ 1992 ಥರದ ಹಳೇ ಯಂತ್ರಗಳು ಹೊಸ ಅಗ್ಗದವುಗಳಿಗಿಂತ ಎಷ್ಟೋ ವಾಸಿ. ಒಂದೇ 10 ಮೆಗಾಹರ್ಟ್ಜನ್ನು ನಾಲ್ಕಾರು ಕಡೆ ಹಂಚಬೇಕಿದ್ದರೆ ಟಿ ಕನೆಕ್ಟರ್ ಹಾಕಿ ಕವಲೊಡೆಯಬೇಡಿ. ಟಿವಿ ಸ್ಟುಡಿಯೋಗಳಿಂದ ಗುಜರಿಗೆ ಬರುವ ವಿಡಿಯೋ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೋ ರಿಸೀವರ್) ಇರುವವರು ಅದರ 28.8 ಮೆಗಾಹರ್ಟ್ಜ್ ಕ್ರಿಸ್ಟಲ್ ಎಷ್ಟು ತಪ್ಪಿದೆ ಎಂದು ತಿಳಿಯಬಹುದು. ನಿಮ್ಮ 10 ಮೆಗಾಹರ್ಟ್ಜ್ ಚೌಕಾಕಾರದ್ದಾದರೆ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಬರುವ ಹಾರ್ಮೋನಿಕ್‌ಗಳು ಮೇಲೆ ಉದ್ದಕ್ಕೂ ಸಿಗುತ್ತವೆ. 100 ಮೆಗಾಹರ್ಟ್ಜ್‌ಗೆ ಟ್ಯೂನ್ ಮಾಡಿ, ಗೆರೆ ಎಲ್ಲಿದೆ ನೋಡಿ. 100 ಹರ್ಟ್ಜ್ ಸರಿದಿದ್ದರೆ 1 ಪಿಪಿಎಂ. ಪಕ್ಕದಲ್ಲೇ 100.6ರಲ್ಲಿ ಮೈಸೂರು ಆಕಾಶವಾಣಿ ಸಿಗುತ್ತದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದ ಊರಿದು, ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ ಅನ್ನಿಸುವುದು ಸಹಜ. ಆದರೆ ಎಫ್‌ಎಂ ಪ್ರಸಾರದಲ್ಲಿ ಮಾತಿಗೂ ಹಾಡಿಗೂ ತಕ್ಕಂತೆ ಫ್ರೀಕ್ವೆನ್ಸಿಯೇ ಅಲ್ಲಾಡುತ್ತಿರುತ್ತದೆ, ರೆಫರೆನ್ಸ್‌ಗೆ ಅದು ಆಗದು. ಮೊಬೈಲ್ ಟವರ್ ಆಗುತ್ತದೆ. ದೊಡ್ಡ ಟವರ್‌ಗಳು 0.05 ಪಿಪಿಎಂ ಒಳಗೆ ಇರಬೇಕು ಎಂಬ ನಿಯಮವಿದೆ. 2ಜಿ ಸಿಗ್ನಲ್ ಹಿಡಿದು ಡಾಂಗಲ್‌ನ ತಪ್ಪು ಹೇಳುವ ಕ್ಯಾಲಿಬ್ರೇಟ್ ಎಂಬ ಉಚಿತ ತಂತ್ರಾಂಶ ಇದೆ. ದುಡ್ಡು ಖರ್ಚಿಲ್ಲದೆ ಸಿಗುವ ಎರಡನೇ ಸಾಕ್ಷಿ ಅದು.

ಶಾರ್ಟ್‌ವೇವ್ ರಿಸೀವರ್ ಇದ್ದರೆ ಕತ್ತಲಾದ ಮೇಲೆ 5 ಅಥವಾ 10 ಮೆಗಾಹರ್ಟ್ಜ್‌ನಲ್ಲಿ ಸಮಯ ಸಾರುವ ಚೀನಾದ ಬಿಪಿಎಂ ಕೇಂದ್ರದ ಟಿಕ್ ಟಿಕ್ ಹುಡುಕಿ. ಅಯಾನುಗೋಳ ಏರಿಳಿಯುವುದರಿಂದ ಇಲ್ಲಿಗೆ ಬರುವ ಹೊತ್ತಿಗೆ ಅದರ ಫ್ರೀಕ್ವೆನ್ಸಿ ಕೋಟಿಯಲ್ಲಿ ಒಂದು ಪಾಲಿನಷ್ಟು, ಅಂದರೆ 10 ಮೆಗಾಹರ್ಟ್ಜ್‌ನಲ್ಲಿ 1 ಹರ್ಟ್ಜ್‌ವರೆಗೆ ಅಲ್ಲಾಡಬಹುದು. ನಿಮ್ಮ ಪಿಪಿಎಸ್ ಜೊತೆ ಅದರ ಟಿಕ್ ಹೋಲಿಸುವವರಿಗೆ ಒಂದು ಮಾತು: ಬಿಪಿಎಂ ತನ್ನ ಜಾಗತಿಕ ಸಮಯದ ಟಿಕ್‌ಗಳನ್ನು ಬೇಕೆಂದೇ 20 ಮಿಲಿಸೆಕೆಂಡ್ ಮುಂಚೆ ಬಿಡುತ್ತದೆ. ಕೇಳುವುದಕ್ಕೆ ತೊಂದರೆ ಇಲ್ಲ, ಆದರೆ ನಿಮ್ಮ 10 ಮೆಗಾಹರ್ಟ್ಜನ್ನು ಆಂಟೆನಾಕ್ಕೆ ಕಟ್ಟಿ ಹೊರಗೆ ಬಿಡಬೇಡಿ. ಪ್ರಸಾರಕ್ಕೆ ಲೈಸೆನ್ಸ್ ಬೇಕು, ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಪಾಸಾದವರಿಗೂ ಆ ಜಾಗ ಅವರದ್ದಲ್ಲ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಡ್ಯಾಕ್ ಬೆಲೆಯ ದಾಖಲೆ. ಗಂಟೆಗೊಮ್ಮೆ ಡ್ಯಾಕ್ ಬೆಲೆ, ಡಬ್ಬಿಯೊಳಗಿನ ಉಷ್ಣತೆ, ಎಷ್ಟು ಉಪಗ್ರಹ ಕಾಣುತ್ತಿವೆ, ಮೂರನ್ನೂ ಎಸ್‌ಡಿ ಕಾರ್ಡಿಗೆ ಬರೆಸಿ. ಡ್ಯಾಕ್ ಬೆಲೆ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ನಿಧಾನವಾಗಿ ಹೋದರೆ ಅದು ಕ್ರಿಸ್ಟಲ್‌ಗೆ ವಯಸ್ಸಾಗುತ್ತಿರುವುದು, ಸಹಜ. ದಿನಕ್ಕೊಂದು ಸಲ ಏರಿ ಇಳಿದರೆ ಡಬ್ಬಿಗೆ ಬಿಸಿಲೋ ಗಾಳಿಯೋ ತಾಗುತ್ತಿದೆ. ಒಮ್ಮೆಲೇ ಹಾರಿ ಬೇರೆ ಕಡೆ ನಿಂತರೆ ಮೊದಲು ಗ್ರೌಂಡ್ ತಂತಿಯ ಬೆಸುಗೆ ನೋಡಿ, ಆಮೇಲೆ ತಾರಸಿ ಮೇಲಿನ ಕನೆಕ್ಟರ್‌ಗೆ ನೀರು ಹೋಗಿದೆಯಾ ಎಂದು ಹತ್ತಿ ನೋಡಿ.